ಬೀದಿ ಗುಡಿಸುವವರ ಆರೋಗ್ಯ ಯಾರ ಹೊಣೆ?

ಈ ಅಂಕಣದಲ್ಲಿ ಸಾಮಾನ್ಯವಾಗಿ ನಿಮ್ಮ ಮನೆಯೊಳಗಿನ ಆರೋಗ್ಯದ ಮಾತು ನಡೆಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಕ್ಕಳ ಕೆಮ್ಮು, ಹಿರಿಯರ ಮಂಡಿನೋವು. ಈ ವಾರ ಗೇಟಿನಿಂದ ಹತ್ತು ಹೆಜ್ಜೆ ಹೊರಗೆ ಬನ್ನಿ. ಬೆಳಗ್ಗೆ ಆರೂವರೆ ಏಳರ ಹೊತ್ತಿಗೆ ನೀವು ಕಾಫಿ ಕುಡಿಯುತ್ತ ಪತ್ರಿಕೆ ತಿರುವಿಹಾಕುವಾಗ ಹೊರಗೆ ಪೊರಕೆಯ ಸದ್ದು ಕೇಳುತ್ತದಲ್ಲ, ಆ ಪೊರಕೆ ಹಿಡಿದ ಕೈಯ ಆರೋಗ್ಯದ ಬಗ್ಗೆ ಸ್ವಲ್ಪ ಯೋಚಿಸೋಣ. ಆ ಕೈ ಕೆಲಸ ನಿಲ್ಲಿಸಿದರೆ ನಿಮ್ಮ ಬೀದಿಯಲ್ಲಿ ಸೊಳ್ಳೆ, ನೊಣ, ಇಲಿ ಹೆಚ್ಚುತ್ತವೆ. ಡೆಂಗೆ, ಅತಿಸಾರ, ಇಲಿಜ್ವರ ಹಿಂದೆಯೇ ಬರುತ್ತವೆ. ಪೌರಕಾರ್ಮಿಕರು ನಿಮಗೆ ಕಾಣದ ಆರೋಗ್ಯ ಕಾರ್ಯಕರ್ತರು ಎಂದರೆ ಉತ್ಪ್ರೇಕ್ಷೆಯಲ್ಲ.

ಅವರನ್ನು ಹೇಗೆ ನೇಮಿಸಲಾಗುತ್ತದೆ, ಹಾಜರಿ ಹೇಗೆ ತೆಗೆದುಕೊಳ್ಳಲಾಗುತ್ತದೆ, ಎಷ್ಟು ಜನರ ಕೆಲಸವನ್ನು ಎಷ್ಟು ಜನ ಮಾಡುತ್ತಾರೆ ಎಂಬುದು ಕಚೇರಿಯ ವಿಷಯ, ನಮಗೇಕೆ ಎನ್ನಬೇಡಿ. ಈ ಮೂರೂ ನೇರವಾಗಿ ಅವರ ದೇಹದ ಮೇಲೂ ನಿಮ್ಮ ಬೀದಿಯ ಮೇಲೂ ಬರೆದುಕೊಳ್ಳುತ್ತವೆ.

ಹೆಸರು ಬದಲಾಯಿತು, ನೇಮಕ ತಡವಾಯಿತು

1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ನೈರ್ಮಲ್ಯ ಕೆಲಸಗಾರರ ಬದುಕನ್ನು ಅಧ್ಯಯನ ಮಾಡಿ 1976ರಲ್ಲಿ ವರದಿ ಕೊಟ್ಟಿತು. ಹಳೆಯ ಅವಮಾನಕರ ಹೆಸರುಗಳ ಜಾಗದಲ್ಲಿ 'ಪೌರಕಾರ್ಮಿಕ' ಎಂಬ ಗೌರವದ ಮಾತು ನಮ್ಮ ರಾಜ್ಯದಲ್ಲಿ ಬಳಕೆಗೆ ಬಂದದ್ದು ಆ ಕಾಲದ ಎಚ್ಚರದಿಂದ. ಈಗ ಪ್ರತಿವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನೂ ಆಚರಿಸುತ್ತೇವೆ.

ಆದರೆ ಹೆಸರಿನ ಜೊತೆ ಕೆಲಸದ ಭದ್ರತೆ ಬರಲಿಲ್ಲ. ನಗರ ಬೆಳೆದಂತೆ ಕಾಯಂ ನೇಮಕ ನಿಂತುಹೋಗಿ ಗುತ್ತಿಗೆ ಪದ್ಧತಿ ಬೆಳೆಯಿತು. ಪಾಲಿಕೆ ಗುತ್ತಿಗೆದಾರನಿಗೆ ಹಣ ಕೊಡುವುದು, ಗುತ್ತಿಗೆದಾರ ಕೆಲಸಗಾರರಿಗೆ ಕೊಡುವುದು. ನಡುವೆ ಭವಿಷ್ಯನಿಧಿ, ಇಎಸ್‌ಐ ಹಣ ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರವಿಲ್ಲ. ಕಾಯಿಲೆ ಬಿದ್ದು ಇಎಸ್‌ಐ ಆಸ್ಪತ್ರೆಗೆ ಹೋಗಬೇಕಾದ ಹೆಂಗಸಿಗೆ ತನ್ನ ಹೆಸರಿನಲ್ಲಿ ಕಾರ್ಡ್ ಇದೆಯೋ ಇಲ್ಲವೋ ಎಂಬುದೇ ಗೊತ್ತಿರುತ್ತಿರಲಿಲ್ಲ.

2017ರಲ್ಲಿ ರಾಜ್ಯ ಸರ್ಕಾರ ಗುಡಿಸುವ ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ಕೈಬಿಡಲು ತೀರ್ಮಾನಿಸಿತು. ಬೆಂಗಳೂರಿನಲ್ಲಿ 2018ರ ಆರಂಭದಿಂದ ಪಾಲಿಕೆಯೇ ಅವರ ಬ್ಯಾಂಕ್ ಖಾತೆಗೆ ನೇರವಾಗಿ ಸಂಬಳ ಹಾಕುವ ಕ್ರಮ ಬಂತು. 2022ರ ಜುಲೈ ಮೊದಲ ವಾರದಲ್ಲಿ ಕಾಯಂ ನೇಮಕಕ್ಕಾಗಿ ಸಾವಿರಾರು ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕ್‌ನಲ್ಲಿ ಕುಳಿತರು. ನಾಲ್ಕೇ ದಿನದಲ್ಲಿ ಕಸ ಎಷ್ಟು ಬೆಳೆಯಬಹುದೆಂದು ಊರಿಗೆ ಗೊತ್ತಾಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಹಂತಹಂತವಾಗಿ ಕಾಯಂ ಮಾಡುವ ಭರವಸೆ ಕೊಟ್ಟರು. 2025ರ ಮೇ 1ರಂದು, ಕಾರ್ಮಿಕರ ದಿನದಂದೇ, ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಡಲಾಯಿತು. ಅದೇ ವರ್ಷ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಕಚೇರಿಯ ಬೋರ್ಡು ಬದಲಾಯಿತು, ಪೊರಕೆ ಹಿಡಿಯುವ ಕೈಗಳು ಅವೇ.

ಇದು ಒಳ್ಳೆಯ ಸುದ್ದಿ. ಆದರೆ ಹತ್ತು ಹದಿನೈದು ವರ್ಷ ಗುತ್ತಿಗೆಯಲ್ಲಿ ದುಡಿದ ದೇಹ ಆದೇಶದ ಒಂದು ಹಾಳೆಯಿಂದ ಸರಿಹೋಗುವುದಿಲ್ಲ. ಗುಡಿಸುವವರ ವಿಷಯ ಹೀಗಾದರೆ, ಮನೆ ಮನೆಯ ಕಸ ಒಯ್ಯುವ ಆಟೊ ಟಿಪ್ಪರ್‌ಗಳ ಚಾಲಕರು ಮತ್ತು ಸಹಾಯಕರು ಆಮೇಲೂ ಬಹುಕಾಲ ಗುತ್ತಿಗೆದಾರರ ಕೈಕೆಳಗೇ ಉಳಿದರು.

ಏಳುನೂರು ಜನಕ್ಕೆ ಒಬ್ಬರು

ಏಳುನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬುದು ರಾಜ್ಯ ಸರ್ಕಾರ ಇಟ್ಟುಕೊಂಡ ಲೆಕ್ಕ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಜನಸಂಖ್ಯೆ ಒಂದೇ ಅಳತೆಗೋಲಲ್ಲ. ಜಯನಗರದ ಹಳೆಯ ಬ್ಲಾಕುಗಳನ್ನು ನೋಡಿ. ಸಾಲುಮರಗಳು ತುಂಬಿದ ಬೀದಿಗಳು. ಮಾಘ, ಫಾಲ್ಗುಣದಲ್ಲಿ ಎಲೆ ಉದುರತೊಡಗಿದರೆ ಗುಡಿಸಿದ ಅರ್ಧ ಗಂಟೆಗೆ ಬೀದಿ ಮತ್ತೆ ಮೊದಲಿನಂತೆ. ಬಿಟಿಎಂ ಬಡಾವಣೆಯ ಕಥೆ ಬೇರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು ಹೊತ್ತ ಈ ಬಡಾವಣೆಯಲ್ಲಿ ಇಂದು ಬೀದಿಗೊಂದು ಪಿಜಿ, ತಿಂಡಿ ಗಾಡಿ. ಮತದಾರರ ಪಟ್ಟಿಯಲ್ಲಿ ಇಲ್ಲದ ಜನರ ಕಸವೂ ಬೀದಿಯಲ್ಲಿ ಇರುತ್ತದೆ. ಬನಶಂಕರಿ ದೇವಸ್ಥಾನದ ಸುತ್ತ ಮಂಗಳವಾರ, ಶುಕ್ರವಾರದ ನಿಂಬೆಹಣ್ಣಿನ ದೀಪದ ಸಿಪ್ಪೆ. ಆಯುಧಪೂಜೆಯ ಮರುದಿನವಂತೂ ರಸ್ತೆಯ ತುಂಬ ಒಡೆದ ಬೂದುಗುಂಬಳ, ಬಾಳೆಕಂದು. ಬಸವನಗುಡಿಯಲ್ಲಿ ಕಾರ್ತಿಕದ ಕಡಲೆಕಾಯಿ ಪರಿಷೆ ಮುಗಿದ ರಾತ್ರಿ ಹೇಗಿರುತ್ತದೆಂದು ನಿಮಗೇ ಗೊತ್ತು.

ಇದರ ಮೇಲೆ ರಜೆಯ ಲೆಕ್ಕ. ಒಬ್ಬರು ಕಾಯಿಲೆ ಬಿದ್ದರೆ ಅವರ ಬೀದಿ ಪಕ್ಕದವರ ಪಾಲಿಗೆ. ಹೀಗೆ ಒಬ್ಬರ ಜ್ವರ ಇನ್ನಿಬ್ಬರ ಸೊಂಟನೋವಾಗುತ್ತದೆ. ಅದಕ್ಕೆ ಹೆದರಿ ಜ್ವರ ಬಂದವರೂ ಕೆಲಸಕ್ಕೆ ಬರುತ್ತಾರೆ. ದಕ್ಷತೆ ಬೇಕಾದರೆ ಮೊದಲು ಬದಲಿ ಆಳುಗಳ ವ್ಯವಸ್ಥೆ ಇರಬೇಕು. ವಾರಕ್ಕೊಂದು ರಜೆ ದಯೆಯಲ್ಲ, ಮಾಂಸಖಂಡಗಳು ಚೇತರಿಸಿಕೊಳ್ಳಲು ಬೇಕಾದ ಔಷಧ.

ದೇಹಕ್ಕೆ ಆಗುವುದೇನು?

ಶ್ವಾಸಕೋಶ: ಒಣ ರಸ್ತೆಯನ್ನು ಗುಡಿಸುವಾಗ ಏಳುವ ಧೂಳಿನಲ್ಲಿ ಮಣ್ಣು, ಟೈರಿನ ಪುಡಿ, ವಾಹನದ ಹೊಗೆಯ ಮಸಿ, ಒಣಗಿದ ಉಗುಳು ಎಲ್ಲವೂ ಸೇರಿರುತ್ತವೆ. ವರ್ಷಗಟ್ಟಲೆ ಇದನ್ನು ಉಸಿರಾಡಿದವರಿಗೆ ಮೊದಲು ಬೆಳಗಿನ ಕೆಮ್ಮು, ಆಮೇಲೆ ಕಫ, ಕೊನೆಗೆ ಮೆಟ್ಟಿಲು ಹತ್ತಿದರೆ ದಮ್ಮು. ಬೀಡಿ ಸೇದದ ಹೆಂಗಸರಲ್ಲೂ ಇದು ಬರಬಹುದು. ಮೂಗಿಗೆ ಕಟ್ಟಿದ ಸೀರೆಯ ಸೆರಗು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು, ಕ್ಷಯ ಇದೆಯೇ ಎಂದು ನೋಡಬೇಕು. ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಬೆನ್ನು, ಭುಜ: ಗಿಡ್ಡ ಪೊರಕೆ ಎಂದರೆ ಗಂಟೆಗಟ್ಟಲೆ ಬಗ್ಗಿದ ಬೆನ್ನು. ಉದ್ದ ಹಿಡಿಯ ಪೊರಕೆ, ನೂಕುವ ಗಾಡಿಯ ಸರಾಗ ತಿರುಗುವ ಚಕ್ರ, ಇವು ಸಣ್ಣ ಸಂಗತಿಗಳಂತೆ ಕಂಡರೂ ನೋವು ನಿವಾರಕ ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತವೆ. ಗಾಡಿಯ ಚಕ್ರ ಮುರಿದರೆ ರಿಪೇರಿಗೆ ವಾರ ಹಿಡಿಯುವ ಕಡೆ ಕೆಲಸಗಾರರ ಭುಜವೂ ಮುರಿಯುತ್ತದೆ.

ನೀರು ಮತ್ತು ಶೌಚಾಲಯ: ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು. ಬೆಳಗ್ಗೆ ಕತ್ತಲಿರುವಾಗಲೇ ಮನೆ ಬಿಡುವವರು. ಬೀದಿಯಲ್ಲಿ ಶೌಚಾಲಯ ಇಲ್ಲವೆಂದು ನೀರನ್ನೇ ಕುಡಿಯದೆ ಇರುತ್ತಾರೆ. ಫಲ ಏನು? ಉರಿಮೂತ್ರ, ಮೂತ್ರನಾಳದ ಸೋಂಕು, ಕೆಲವರಲ್ಲಿ ಮೂತ್ರಕೋಶ, ಮೂತ್ರಪಿಂಡದ ಕಲ್ಲು. ಬೇಸಿಗೆಯಲ್ಲಿ ತಲೆಸುತ್ತು. ಮುಟ್ಟಿನ ದಿನಗಳ ಕಷ್ಟ ಹೇಳುವುದೇ ಬೇಡ. ಇದರ ಜೊತೆಗೆ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ತಿಂಡಿ ತಿನ್ನದೆ ದುಡಿಯುವ ಹೆಂಗಸು 'ಸೋಮಾರಿಯಾಗಿ ಕಟ್ಟೆಯ ಮೇಲೆ ಕೂತಿದ್ದಾಳೆ' ಎಂದು ನಿಮಗೆ ಅನ್ನಿಸಿದರೆ, ಆಕೆಯ ಕಣ್ಣಿನ ಕೆಳರೆಪ್ಪೆ ಬಿಳಿಚಿದೆಯೇ ಎಂದು ನೋಡಬೇಕಾದೀತು.

ಇಲಿಜ್ವರ: ಮಳೆಗಾಲದಲ್ಲಿ ಮೋರಿ ನೀರು, ಹಸಿ ಕಸದಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಕೈಕಾಲಿನ ಗಾಯದ ಮೂಲಕ ರೋಗಾಣು ಒಳಹೋಗುತ್ತದೆ. ಜೋರು ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕೆಂಪಾದ ಕಣ್ಣು ಇದರ ಸುಳಿವು. ಬೇಗ ಗುರುತಿಸಿದರೆ ಸಾಮಾನ್ಯ ಆಂಟಿಬಯೋಟಿಕ್‌ನಿಂದಲೇ ವಾಸಿ. ತಡವಾದರೆ ಕಾಮಾಲೆ, ಮೂತ್ರಪಿಂಡ ವೈಫಲ್ಯ. ಗಂಬೂಟು ಮತ್ತು ಕೈಗವಸು ಇಲ್ಲಿ ಜೀವ ಉಳಿಸುತ್ತವೆ.

ಬೆರಳಚ್ಚು ಅಳಿಸಿಹೋದ ಕೈ

ಹಾಜರಿಯ ವಿಷಯವೂ ಇಲ್ಲೇ ಬರುತ್ತದೆ. ಗುತ್ತಿಗೆಯ ಕಾಲದಲ್ಲಿ ತಲೆ ಲೆಕ್ಕದ ಮೇಲೆ ಬಿಲ್ ಆಗುತ್ತಿದ್ದರಿಂದ ಪಟ್ಟಿಯಲ್ಲಿ ಮಾತ್ರ ಇದ್ದು ಬೀದಿಯಲ್ಲಿ ಇಲ್ಲದ ಹೆಸರುಗಳೂ ಇದ್ದವು. ಇದನ್ನು ತಡೆಯಲು ಬೆರಳಚ್ಚಿನ ಹಾಜರಿ ಯಂತ್ರ ಬಂತು. ಉದ್ದೇಶ ಒಳ್ಳೆಯದೇ. ಸಾರ್ವಜನಿಕ ಹಣ ಇಲ್ಲದ ಆಳಿಗೆ ಹೋಗಬಾರದು. ಆದರೆ ವರ್ಷಗಟ್ಟಲೆ ಪೊರಕೆ, ಸಲಿಕೆ ಹಿಡಿದು, ಫಿನಾಯಿಲ್, ಬ್ಲೀಚಿಂಗ್ ಪುಡಿ ಮುಟ್ಟಿದ ಬೆರಳಿನ ಚರ್ಮ ದಪ್ಪಗಟ್ಟಿ, ಸೀಳಿ, ಗೆರೆಗಳು ಸವೆದುಹೋಗಿರುತ್ತವೆ. ಯಂತ್ರ ಅಂಥ ಬೆರಳನ್ನು ಗುರುತಿಸದೆ ಹೋಗಬಹುದು. ಚರ್ಮರೋಗ ವೈದ್ಯರ ದೃಷ್ಟಿಯಲ್ಲಿ ಅದು ಕೆಲಸದಿಂದ ಬಂದ ಚರ್ಮದ ಉರಿಯೂತ. ಹಾಜರಿ ಪುಸ್ತಕದ ದೃಷ್ಟಿಯಲ್ಲಿ ಅದು ಗೈರುಹಾಜರಿ! ಕೆಲಸ ಮಾಡಿದ ಗುರುತೇ ಕೆಲಸಕ್ಕೆ ಬರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವ ವಿಚಿತ್ರ ಇದು.

ಗುತ್ತಿಗೆಯಿಂದ ನೇರ ಸಂಬಳಕ್ಕೆ ಬದಲಾದ ತಿಂಗಳುಗಳಲ್ಲಿ ಪಟ್ಟಿಯ ಗೊಂದಲದಿಂದ ನಿಜವಾಗಿ ದುಡಿದ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. 2018ರ ಜುಲೈನಲ್ಲಿ ಹೀಗೆ ಸಂಬಳ ಕಾಣದ ಒಬ್ಬ ಪೌರಕಾರ್ಮಿಕ ಬೆಂಗಳೂರಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಸಾಲ, ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಜು ಇವುಗಳ ಒತ್ತಡ ಮನಸ್ಸಿನ ಕಾಯಿಲೆಗೆ ಎಷ್ಟು ಹತ್ತಿರ ಎಂಬುದು ಮನೋವೈದ್ಯರಿಗೆ ಹೊಸ ವಿಷಯವಲ್ಲ. ಸಂಬಳ ಸರಿಯಾದ ದಿನಕ್ಕೆ ಬರುವುದೂ ಒಂದು ಆರೋಗ್ಯ ಕಾರ್ಯಕ್ರಮ.

ಹಾಗಾದರೆ ಹಾಜರಿ ಬೇಡವೇ? ಖಂಡಿತ ಬೇಕು. ಶಿಸ್ತು ಇಲ್ಲದ ಕಡೆ ಪ್ರಾಮಾಣಿಕವಾಗಿ ಬರುವವರ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಆದರೆ ಬೆರಳು ಸೋತಾಗ ಮುಖ ನೋಡಿ ಅಥವಾ ಸಹಿ ಪಡೆದು ಹಾಜರಿ ಹಾಕುವ ಅವಕಾಶ ಇರಬೇಕು. ಐದು ನಿಮಿಷ ತಡವಾದವರ ಇಡೀ ದಿನದ ಕೂಲಿ ಕತ್ತರಿಸುವುದು ಶಿಸ್ತಲ್ಲ. ಮೇಸ್ತ್ರಿಯ ಬಾಯಿಗೆ ಹೆದರಿ ಕೆಲಸ ಮಾಡುವುದೂ ಶಿಸ್ತಲ್ಲ. ಹೆಂಗಸರೇ ಹೆಚ್ಚಾಗಿರುವ ಈ ಕೆಲಸದಲ್ಲಿ ಮೇಲಿನವರ ನಡತೆಯ ಬಗ್ಗೆ ದೂರು ಕೊಡುವ ದಾರಿ ತೆರೆದಿರಬೇಕು. 2013ರ ಕಾಯಿದೆಯ ಪ್ರಕಾರ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಬೀದಿಯೂ ಕೆಲಸದ ಸ್ಥಳವೇ ಎಂಬುದನ್ನು ಮರೆಯಬಾರದು.

ನಿಮ್ಮ ಮನೆಯ ಸೂಜಿ

ಈಗ ನಿಮ್ಮ ಮನೆಗೇ ಬರೋಣ. ದಕ್ಷಿಣ ಬೆಂಗಳೂರಿನಲ್ಲಿ ಹಿರಿಯರಿರುವ ಮನೆಗಳು ಬಹಳ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಬೆರಳಿಗೆ ಚುಚ್ಚಿ ರಕ್ತ ಪರೀಕ್ಷೆ ಮಾಡಿಕೊಳ್ಳುವವರು ಎಷ್ಟು ಜನ! ಆ ಸೂಜಿಗಳು ಎಲ್ಲಿ ಹೋಗುತ್ತವೆ? ಬಹುಪಾಲು ಹಾಲಿನ ಕವರಿನಲ್ಲಿ, ತರಕಾರಿ ಸಿಪ್ಪೆಯ ನಡುವೆ. ಕಸ ಬೇರ್ಪಡಿಸುವವರು ಚೀಲದೊಳಗೆ ಕೈ ಹಾಕಿದಾಗ ಚುಚ್ಚುತ್ತವೆ.

ಒಂದು ಚುಚ್ಚಿನಿಂದ ಏನಾದೀತು ಎನ್ನಬಹುದು. ಆಸ್ಪತ್ರೆ ಸಿಬ್ಬಂದಿಯ ಅನುಭವದಿಂದ ವೈದ್ಯರು ಇಟ್ಟುಕೊಂಡಿರುವ ಲೆಕ್ಕ ಇದು: ಸೂಜಿಯಲ್ಲಿ ಸೋಂಕಿನ ರಕ್ತವಿದ್ದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರರಲ್ಲಿ 6ರಿಂದ 30. ಹೆಪಟೈಟಿಸ್ ಸಿ ನೂರರಲ್ಲಿ ಸುಮಾರು 2. ಎಚ್‌ಐವಿ ಸಾವಿರದಲ್ಲಿ ಸುಮಾರು 3. ಬೀದಿಯ ಕಸದಲ್ಲಿ ಒಣಗಿದ ಸೂಜಿಯ ಅಪಾಯ ಇದಕ್ಕಿಂತ ಕಡಿಮೆ ಇರಬಹುದು. ಆದರೆ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಬಲ್ಲದು. ಚುಚ್ಚಿದ ಸೂಜಿ ಯಾರದೆಂದು ಚುಚ್ಚಿಸಿಕೊಂಡವರಿಗೆ ತಿಳಿಯುವುದಿಲ್ಲ. ಆ ಭಯದಲ್ಲೇ ತಿಂಗಳುಗಟ್ಟಲೆ ಕಳೆಯಬೇಕು.

ಚುಚ್ಚಿದರೆ ತಕ್ಷಣ ಮಾಡಬೇಕಾದ್ದು: ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯುವುದು. ಹಿಂಡಬಾರದು, ಬಾಯಿಗಿಟ್ಟು ಚೀಪಬಾರದು. ಸಾಧ್ಯವಾದರೆ ಎರಡು ಗಂಟೆಯೊಳಗೆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಅದನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ನೋಡಬೇಕು. ಇದಕ್ಕಿಂತ ಮೇಲು, ಕೆಲಸಕ್ಕೆ ಸೇರುವಾಗಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಕೊಡುವುದು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ನೇಮಕಾತಿ ಪತ್ರದ ಜೊತೆಗೆ ಲಸಿಕೆ ಕಾರ್ಡೂ ಇರುವಂತಾದರೆ ಅದು ನಿಜವಾದ ನೇಮಕ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೆಲಸಗಾರರಿಗೆ ಸಮವಸ್ತ್ರ, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮುಖಗವಸು ಕೊಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹಾಕಿದವು. ಬಳಸಿದ ಸೂಜಿ, ಅವಧಿ ಮೀರಿದ ಔಷಧ, ಒಡೆದ ಪಾದರಸದ ಥರ್ಮಾಮೀಟರುಗಳನ್ನು ಅಪಾಯಕಾರಿ ಗೃಹತ್ಯಾಜ್ಯವೆಂದು ಬೇರೆ ಇಡುವ ಹೊಣೆಯನ್ನು ನಿಮ್ಮ ಮೇಲೆ ಹಾಕಿದವು. ಅದಕ್ಕೂ ಮೊದಲು, 2015ರ ಡಿಸೆಂಬರ್‌ನಲ್ಲಿ, ಹೈಕೋರ್ಟ್ ಬೆಂಗಳೂರಿಗೆ 'ಎರಡು ಡಬ್ಬ, ಒಂದು ಚೀಲ' ಕ್ರಮವನ್ನು ವಿಧಿಸಿತ್ತು. ಕೈಗವಸು ಕೊಟ್ಟರೂ ಹಾಕಿಕೊಳ್ಳುವುದಿಲ್ಲ ಎಂದು ಅಧಿಕಾರಿಗಳು ದೂರುವುದುಂಟು. ದಪ್ಪ ರಬ್ಬರಿನ, ಅಳತೆಗೆ ಹೊಂದದ ಗವಸು ಹಾಕಿ ಎರಡು ಗಂಟೆ ಗುಡಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಕೊಂಡ ಮೇಲೆ ಲೆಕ್ಕ ಬರೆದರೆ ಸಾಲದು, ಹಾಕಿಕೊಳ್ಳುವವರನ್ನು ಕೇಳಿ ಕೊಳ್ಳಬೇಕು.

ನೀವು ಮಾಡಬಹುದಾದದ್ದು

• ಸೂಜಿ, ಲ್ಯಾನ್ಸೆಟ್‌ಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ (ಹಳೆಯ ಫಿನಾಯಿಲ್ ಬಾಟಲಿಯೂ ಆದೀತು) ತುಂಬಿ, ಮುಚ್ಚಳ ಬಿಗಿದು, ಮೇಲೆ 'ಸೂಜಿ' ಎಂದು ದೊಡ್ಡದಾಗಿ ಬರೆಯಿರಿ. ಮುಕ್ಕಾಲು ತುಂಬಿದಾಗ ಬೇರೆಯಾಗಿ, ಕೈಗೆ ಹೇಳಿ ಕೊಡಿ.

• ಒಡೆದ ಗಾಜು, ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ ಕಟ್ಟಿ. ನ್ಯಾಪ್‌ಕಿನ್, ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಡಬ್ಬಕ್ಕೆ ಹಾಕಿ. ಬಿಚ್ಚಿ ಬೇರ್ಪಡಿಸುವವರೂ ಮನುಷ್ಯರೇ.

• ಹಸಿ ಕಸ, ಒಣ ಕಸ ಬೇರೆ ಇಡಿ. ಬೆರೆತ ಕಸ ಎಂದರೆ ಇನ್ನೊಬ್ಬರ ಕೈ ಅದರೊಳಗೆ ಹೋಗಲೇಬೇಕು ಎಂದರ್ಥ.

• ಉದುರಿದ ಎಲೆಗಳಿಗೆ ಬೆಂಕಿ ಹಚ್ಚಬೇಡಿ, ಹಚ್ಚಿಸಲೂಬೇಡಿ. ಆ ಹೊಗೆ ಮೊದಲು ಹಚ್ಚಿದವರ ಎದೆಗೆ, ಆಮೇಲೆ ನಿಮ್ಮ ಮನೆಯ ಆಸ್ತಮಾ ಮಗುವಿನ ಎದೆಗೆ. ಗೊಬ್ಬರದ ಗುಂಡಿಗೆ ಎಲೆಯಷ್ಟು ಒಳ್ಳೆಯ ವಸ್ತು ಇಲ್ಲ.

• ಗೇಟಿನ ಬಳಿ ಒಂದು ಬಿಂದಿಗೆ ಕುಡಿಯುವ ನೀರು ಇಡಿ. ಬಾಡಿಗೆದಾರರ ಸಂಘ, ಬಡಾವಣೆ ಸಂಘದ ಕಚೇರಿ, ದೇವಸ್ಥಾನ, ಸಮುದಾಯ ಭವನಗಳ ಶೌಚಾಲಯವನ್ನು ಬೆಳಗಿನ ಹೊತ್ತು ಅವರಿಗೆ ತೆರೆದಿಡಿ. ಇದಕ್ಕೆ ಸರ್ಕಾರಿ ಆದೇಶ ಬೇಕಿಲ್ಲ. ಬೇರೆ ಲೋಟ, ಬೇರೆ ಬಾಗಿಲು ಎಂಬ ಹಳೆಯ ಭೇದ ಬೇಡ.

• ಬೀದಿ ಗುಡಿಸಿಲ್ಲವೆಂದು ದೂರುವಾಗ ಮೊದಲು ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಕೇಳಿ. ವಾರ್ಡಿಗೆ ಮಂಜೂರಾದ ಸಂಖ್ಯೆ, ಹಾಜರಾದ ಸಂಖ್ಯೆ, ಕೊಟ್ಟ ರಕ್ಷಣಾ ಸಾಮಗ್ರಿ, ನಡೆದ ಆರೋಗ್ಯ ತಪಾಸಣೆ, ಇವೆಲ್ಲ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದಲ್ಲಿ ನಿಮಗೆ ಸಿಗಬೇಕಾದ ಮಾಹಿತಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ಕಾಯಂ ಆದಮೇಲೆ ಕೆಲಸ ಮಾಡುತ್ತಾರೆಯೇ?

ಇದು ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ಸರ್ಕಾರಿ ನೌಕರಿ ಸಿಕ್ಕಿತೆಂದರೆ ಮೈಗಳ್ಳತನ ಬಂದೀತು ಎಂಬ ಅನುಮಾನ. ವೈದ್ಯಕೀಯದ ದೃಷ್ಟಿಯಿಂದ ಉತ್ತರ ಹೀಗಿದೆ. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವವರು ಗಾಯವನ್ನು ಮುಚ್ಚಿಡುತ್ತಾರೆ, ಕೆಮ್ಮನ್ನು ಮುಚ್ಚಿಡುತ್ತಾರೆ, ಗರ್ಭಿಣಿಯಾದದ್ದನ್ನೂ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾಯಿಲೆ ಉಲ್ಬಣಿಸಿ ಕೊನೆಗೆ ತಿಂಗಳುಗಟ್ಟಲೆ ಕೆಲಸ ತಪ್ಪುತ್ತದೆ. ಭದ್ರತೆ ಇರುವವರು ಎರಡು ದಿನ ರಜೆ ಹಾಕಿ, ಔಷಧ ತೆಗೆದುಕೊಂಡು ಮರಳುತ್ತಾರೆ. ಲೆಕ್ಕದಲ್ಲೂ ಇದೇ ಲಾಭ.

ಮೈಗಳ್ಳತನಕ್ಕೆ ಮದ್ದು ಬೇರೆ ಇದೆ. ಯಾವ ಬೀದಿ ಯಾರದು ಎಂದು ಸ್ಪಷ್ಟವಾಗಿರಬೇಕು. ಮೇಲ್ವಿಚಾರಕರು ಬೀದಿಗಿಳಿದು ನೋಡಬೇಕು. ಹಾಜರಿ ಪಟ್ಟಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣಬೇಕು. ಚೆನ್ನಾಗಿ ಕೆಲಸ ಮಾಡುವವರಿಗೆ ಮೇಸ್ತ್ರಿ, ಮೇಲ್ವಿಚಾರಕರಾಗುವ ದಾರಿ ಇರಬೇಕು. ತಪ್ಪು ಮಾಡಿದವರಿಗೆ ನಿಯಮದ ಪ್ರಕಾರ ವಿಚಾರಣೆ ಇರಬೇಕು, ಬೀದಿಯಲ್ಲಿ ಬೈಗುಳವಲ್ಲ. ವರ್ಷಕ್ಕೊಮ್ಮೆ ರಕ್ತ, ಕಣ್ಣು, ಶ್ವಾಸಕೋಶ, ಸಕ್ಕರೆ, ರಕ್ತದೊತ್ತಡದ ತಪಾಸಣೆ ಕೆಲಸದ ಹೊತ್ತಿನಲ್ಲೇ, ಸಂಬಳ ಕಡಿತವಿಲ್ಲದೆ ಆಗಬೇಕು. ತಪಾಸಣೆಯ ಚೀಟಿ ಅವರ ಕೈಗೂ ಸಿಗಬೇಕು. ಕಂಡುಬಂದ ಕಾಯಿಲೆಗೆ ಔಷಧವೂ ಸಿಗಬೇಕು. ಬರೀ ಶಿಬಿರದ ಫೋಟೊದಿಂದ ಯಾರ ರಕ್ತಹೀನತೆಯೂ ವಾಸಿಯಾಗುವುದಿಲ್ಲ.

ನಾಳೆ ಬೆಳಗ್ಗೆ ಪೊರಕೆಯ ಸದ್ದು ಕೇಳುವ ಮೊದಲು, ಇವತ್ತು ರಾತ್ರಿಯೇ ಒಂದು ಖಾಲಿ ಡಬ್ಬಿ ಹುಡುಕಿ ಇನ್ಸುಲಿನ್ ಸೂಜಿಗಳನ್ನು ಅದಕ್ಕೆ ಹಾಕಿಡಿ. ಕೆಲಸ ಐದು ನಿಮಿಷದ್ದು. ಅದರಿಂದ ಉಳಿಯುವುದು ಒಬ್ಬ ತಾಯಿಯ ಯಕೃತ್ತು.